ಸೂರಿಲ್ಲದ ಮಗುವೂ ಶಾಲೆಯ ಬಾಗಿಲೂ

ಠಾಣೆಯ ತೀನ್ ಹಾತ್ ನಾಕಾದ ಮೇಲ್ಸೇತುವೆಯ ಅಡಿಯಲ್ಲಿ, ಸರಕು ಸಾಗಿಸುವ ಕಂಟೇನರಿನೊಳಗೆ, 2016ರಲ್ಲಿ ಒಂದು ಶಾಲೆ ಆರಂಭವಾಯಿತು. ಸಿಗ್ನಲಿನಲ್ಲಿ ಹೂವು, ಆಟಿಕೆ ಮಾರುತ್ತ ಅಲ್ಲಿಯೇ ಬಾಳುವ ಕುಟುಂಬಗಳ ಮಕ್ಕಳಿಗಾಗಿ ಸಮರ್ಥ ಭಾರತ ವ್ಯಾಸಪೀಠವು ಮಹಾನಗರಪಾಲಿಕೆಯೊಡನೆ ತೆರೆದ ‘ಸಿಗ್ನಲ್ ಶಾಳಾ’ ಅದು. ಮಗು ಬರಲಿಲ್ಲವೆಂದು ದೂರದೆ ಶಾಲೆಯೇ ಮಗುವಿದ್ದಲ್ಲಿಗೆ ಬಂದಿತು!

ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬರುವ ನಮ್ಮವರ ಮಕ್ಕಳ ಪಾಡೂ ತೀರ ಭಿನ್ನವಲ್ಲ. ಕಟ್ಟಡ ಮುಗಿದೊಡನೆ ತಗಡಿನ ಬಿಡಾರ ಏಳುತ್ತದೆ, ಶಾಲೆ ತಪ್ಪುತ್ತದೆ. ಮುಂದಿನ ಊರಿನಲ್ಲಿ ಕಾಗದಪತ್ರ ಕೇಳಿಯಾರೆಂಬ ಅಂಜಿಕೆಯಿಂದಲೇ ತಾಯಂದಿರು ಹಿಂಜರಿಯುತ್ತಾರೆ.

ಈ ಅಂಜಿಕೆಗೆ ಕಾರಣವಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ, 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾದುದೂ ನೆಪವಾಗದು. ಎಂದೂ ಶಾಲೆ ಕಾಣದ ಹತ್ತು ವರ್ಷದ ಹುಡುಗಿಯನ್ನು ಒಂದನೆಯ ತರಗತಿಯ ಎಳೆಯರ ನಡುವೆ ನಾಚಿಕೆಪಡಿಸದೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು.

ಮರಾಠಿ ಬಾರದ ತಾಯಿಯ ಜೊತೆಗೆ ಮುಖ್ಯಾಧ್ಯಾಪಕರ ಕೊಠಡಿಯವರೆಗೆ ಹೋಗಬಲ್ಲ ಕನ್ನಡಿಗರು ಈ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅದಕ್ಕೆ ಜೂನ್ ತಿಂಗಳನ್ನು ಕಾಯಬೇಕಾಗಿಲ್ಲ; ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕೆಂದು ಅದೇ ಕಾಯಿದೆ ಹೇಳುತ್ತದೆ.