96ರಲ್ಲಿ ಬಂದದ್ದೆಷ್ಟು? ಬೀದರ್ ಮಳೆ ಮಾಪಕಗಳ ನಷ್ಟದ ಲೆಕ್ಕ

ಗ್ರಾಮ ಪಂಚಾಯಿತಿಗೊಂದು ಮಳೆ ಮಾಪಕ, 15 ನಿಮಿಷಕ್ಕೊಂದು ಸಂದೇಶ. ದಿನಕ್ಕೆ 96, 30 ದಿನಕ್ಕೆ 2,880. ಬೀದರ್, ಭಾಲ್ಕಿ, ಔರಾದ ತಾಲ್ಲೂಕುಗಳಲ್ಲೂ ರಾಜ್ಯದ ಉಳಿದೆಡೆಯಂತೆ ಸೋಲಾರ್ ತಟ್ಟೆ ಹೊತ್ತ ಈ ಕಂಬಗಳು ನಿಂತಿವೆ. ಅವುಗಳ ಅಂಕಿ ಮೊಬೈಲ್ ಟವರ್ ಮೂಲಕ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರುತ್ತದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಘಟಕವೇ ಬೆಳೆದು ಈ ಕೇಂದ್ರವಾಯಿತು. ಇಂದು ಅದರ ಮಳೆ ಮಾಪಕಗಳು ರಾಜ್ಯದಲ್ಲಿ 6,000ಕ್ಕೂ ಹೆಚ್ಚು.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಯಾರೂ ಹೊಲಕ್ಕೆ ಬಂದು ರಾಶಿ ತೂಗುವುದಿಲ್ಲ. ಮಾಪಕ ಹೇಳಿದ್ದೇ ಮಳೆ. ಹಾಗಾಗಿ ಹೊರಟ ಸಂದೇಶಗಳಲ್ಲಿ ಎಷ್ಟು ತಲುಪಲಿಲ್ಲ ಎಂಬುದು ಎಂಜಿನಿಯರುಗಳ ಒಳಮಾತಾಗಿ ಉಳಿಯುವಂಥದ್ದಲ್ಲ. ಆದರೆ ಈ ನಷ್ಟವನ್ನು ಒಂದೇ ಶೇಕಡಾವಾರು ಅಂಕಿಯಲ್ಲಿ ಹೇಳಿದರೆ ಅದು ಅರ್ಧ ಸುಳ್ಳು.

ಒಂದು ಲೆಕ್ಕ ಹಾಕೋಣ. ಇದು ಯಾವ ತಿಂಗಳ ವರದಿಯೂ ಅಲ್ಲ, ವಿಧಾನ ತೋರಿಸಲು ಹಿಡಿದ ಅಂಕಿ. 100 ಮಾಪಕ, ಸೆಪ್ಟೆಂಬರ್‌ನ 30 ದಿನ: ಬರಬೇಕಾದ ಸಂದೇಶ, ಅಂದರೆ ಪ್ಯಾಕೆಟ್, 2,88,000. ಐದು ಮಾಪಕ 10 ದಿನ ನಡೆದು ಕೆಟ್ಟು ನಿಂತವು ಎನ್ನೋಣ. ಉಳಿದ 20 ದಿನ ಅವು ಕಳಿಸಲೇ ಇಲ್ಲ: 5 × 20 × 96 = 9,600. ನಿಜವಾಗಿ ಹೊರಟದ್ದು 2,78,400. ಇದರಲ್ಲಿ ಶೇ 3ರಷ್ಟು, ಅಂದರೆ 8,352, ದಾರಿಯಲ್ಲಿ ಕಳೆದವು. ಸರ್ವರ್‌ಗೆ ಸೇರಿದ್ದು 2,70,048. ನಷ್ಟ ಶೇ 3 ಎನ್ನುವವನೂ ಸರಿ, ಶೇ 6.2 ಎನ್ನುವವನೂ ಸರಿ. ಒಬ್ಬ ಹೊರಟದ್ದರಿಂದ ಭಾಗಿಸಿದ, ಇನ್ನೊಬ್ಬ ಹೊರಡಬೇಕಿದ್ದದ್ದರಿಂದ. ಶಾಲೆ ಬಿಟ್ಟ ಮಕ್ಕಳ ಹೆಸರು ಹೊಡೆದುಹಾಕಿದರೆ ಹಾಜರಿ ಏರುವುದಿಲ್ಲವೇ, ಹಾಗೆ. ಮಾಪಕಗಳು ಹೆಚ್ಚು ಕೆಟ್ಟಷ್ಟೂ ಮೊದಲ ಲೆಕ್ಕ ಚೆನ್ನಾಗಿಯೇ ಕಾಣುತ್ತಿರುತ್ತದೆ.

ತಪ್ಪು ನುಸುಳುವುದು ಕ್ರಮಸಂಖ್ಯೆಯಿಂದ. ಪ್ರತಿ ಪ್ಯಾಕೆಟ್‌ಗೂ ಒಂದು ಸಂಖ್ಯೆ ಇರುತ್ತದೆ. 1,400ರ ನಂತರ 1,403 ಬಂದರೆ ಎರಡು ಕಳೆದವು ಎಂದರ್ಥ. ಸತ್ತ ಮಾಪಕದಿಂದ ಮುಂದಿನ ಸಂಖ್ಯೆ ಬರುವುದೇ ಇಲ್ಲವಾದ್ದರಿಂದ ನಡುವೆ ಖಾಲಿ ಜಾಗವೂ ಕಾಣದು, ನಷ್ಟ ಸೊನ್ನೆ! ಬ್ಯಾಟರಿ ಇಳಿದು ಮಾಪಕ ತಾನೇ ಮತ್ತೆ ಚಾಲೂ ಆದರೆ ಇನ್ನೊಂದು ಫಜೀತಿ. ಎಣಿಕೆ 1,400ರಿಂದ ಸೊನ್ನೆಗೆ ಬೀಳುತ್ತದೆ. 16 ಬಿಟ್ ಎಣಿಕೆಯಾದರೆ 65,536 ಮುಟ್ಟಿ ಸುತ್ತು ಮುಗಿಸಿತೆಂದು ತಿಳಿದ ಪ್ರೋಗ್ರಾಂ ಒಂದೇ ಏಟಿಗೆ 64,000ಕ್ಕೂ ಹೆಚ್ಚು ಪ್ಯಾಕೆಟ್ ಕಳೆದವೆಂದು ಬರೆದುಬಿಡುತ್ತದೆ. ದಿನಕ್ಕೆ 96ರ ಲೆಕ್ಕದಲ್ಲಿ ಆ ಸುತ್ತು ಮುಗಿಯಲು ಸುಮಾರು 683 ದಿನ ಬೇಕು. ಎಷ್ಟನೇ ಸಲ ಚಾಲೂ ಆದೆ ಎಂಬ ಇನ್ನೊಂದು ಸಂಖ್ಯೆಯನ್ನು ಮಾಪಕವೇ ಕಳಿಸಿದರೆ ಗೊಂದಲವಿಲ್ಲ.

ಒಂದು ದಿನದ ಅಂಕಿ ನೋಡಿ ತೀರ್ಪು ಕೊಡುವುದೂ ಅವಸರವೇ. 96ರಲ್ಲಿ 3 ಕಳೆದರೆ ನಿಜವಾದ ನಷ್ಟದ ದರ ಶೇ 1ರಿಂದ ಸುಮಾರು ಶೇ 9ರ ನಡುವೆ ಎಲ್ಲಿಯೂ ಇರಬಹುದು. ತಿಂಗಳ 2,880ರಲ್ಲಿ 90 ಕಳೆದರೆ ಆ ಅಂತರ ಶೇ 2.5ರಿಂದ 3.8ಕ್ಕೆ ಇಳಿಯುತ್ತದೆ. ಅದೂ ನಷ್ಟಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿಡಿಬಿಡಿಯಾಗಿ ಆದರೆ. ಹಾಗೆ ಆಗುವುದಿಲ್ಲ. ಹುಬ್ಬಿ, ಉತ್ತರಿ ಮಳೆ ಗುಡುಗಿಕೊಂಡು ಬಂದ ಸಂಜೆ ಕರೆಂಟು ಹೋಗುತ್ತದೆ, ಟವರ್ ಸುಮ್ಮನಾಗುತ್ತದೆ. ಔರಾದ ಗಡಿಯ ಹಳ್ಳಿಗಳಲ್ಲಿ ಸಿಮ್ ಮಹಾರಾಷ್ಟ್ರದ ಟವರ್ ಹುಡುಕುತ್ತ ಕೂರುತ್ತದೆ. ಮಳೆ ಸುರಿದದ್ದು ಒಂದು ತಾಸು, ಆ ತಾಸಿನ ಪ್ಯಾಕೆಟ್ ನಾಲ್ಕೇ. ಅವು ನಾಲ್ಕೂ ಕಳೆದು ಉಳಿದ 92 ಬಂದರೆ ದಿನದ ಫಲಿತಾಂಶ ಶೇ 95.8. ಬಿಸಿಲು ಕಾಯ್ದ ಹೊತ್ತಿನ 92 ಸೊನ್ನೆಗಳಿಂದ ರೈತನಿಗೇನು?

ಇಲ್ಲಿ ಕೈಹಿಡಿಯುವುದು ಕೂಡುತ್ತ ಹೋಗುವ ಎಣಿಕೆ. ಮಾಪಕದ ಒಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗೆಲ್ಲ ಒಂದು ಅಂಕಿ ಏರುತ್ತದೆ. ಒಂದು ಮಗುಚಿಗೆ 0.5 ಮಿ.ಮೀ. ಎಂದಿಟ್ಟುಕೊಳ್ಳಿ. ನಾಲ್ಕು ಗಂಟೆಗೆ 212, ಐದಕ್ಕೆ 260. ನಡುವಿನ ಮೂರು ಪ್ಯಾಕೆಟ್ ಬರಲಿಲ್ಲ. ಆದರೂ 48 ಮಗುಚಿ, 24 ಮಿ.ಮೀ. ಮಳೆ ಲೆಕ್ಕಕ್ಕೆ ಸಿಕ್ಕಿತು. ಸಿಗದೇ ಹೋದದ್ದು ಅದು ಕಾಲು ತಾಸಿನಲ್ಲಿ ಹೊಡೆಯಿತೋ, ತಾಸಿಡೀ ಸುರಿಯಿತೋ ಎಂಬುದು. ಮಾಪಕವೇ ಕೆಟ್ಟರೆ ಈ ಸಮಾಧಾನವೂ ಇಲ್ಲ.

ಮಾಪಕಗಳು ಟವರ್ ಬಿಟ್ಟು ಒಂದರಿಂದೊಂದಕ್ಕೆ ಸುದ್ದಿ ದಾಟಿಸುವ ಜಾಲದಲ್ಲಿ ನಷ್ಟ ಗುಣಾಕಾರದಲ್ಲಿ ಬೆಳೆಯುತ್ತದೆ. ಇಂಥದ್ದನ್ನು 2000ದ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಮಳೆಯಾಶ್ರಿತ ಹೊಲಗಳಲ್ಲಿ ಪ್ರಯೋಗಿಸಿದ್ದವು. ಲೆಕ್ಕದ ಪ್ರಕಾರ ಒಂದು ಹೆಜ್ಜೆಯಲ್ಲಿ, ಅಂದರೆ ಒಂದು ಮಾಪಕದಿಂದ ಮುಂದಿನದಕ್ಕೆ, ಶೇ 95 ಪ್ಯಾಕೆಟ್ ತಲುಪಿದರೆ ಐದು ಹೆಜ್ಜೆಗೆ ಶೇ 77. ಪ್ರತಿ ಹೆಜ್ಜೆಯಲ್ಲೂ ಮೂರು ಸಲದವರೆಗೆ ಕಳಿಸಲು ಬಿಟ್ಟರೆ ಶೇ 99.9 ದಾಟುತ್ತದೆ, ರೇಡಿಯೊದ ಕೆಲಸ ಹೆಚ್ಚುವುದು ಸರಾಸರಿ ಶೇ 5 ಮಾತ್ರ. ನಡುವಿನ ಒಂದು ಮಾಪಕ (ನೋಡ್) ಸತ್ತರೆ ಮಾತ್ರ ಎಷ್ಟು ಸಲ ಕಳಿಸಿದರೂ ಅಷ್ಟೆ. ಅದರ ಹಿಂದಿನವೆಲ್ಲ ಜೀವಂತವಿದ್ದೂ ಮೂಕ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಕ್ಕೆ 33 ನೋಡ್ ಕಟ್ಟಿ 44 ದಿನ ನಡೆಸಿದ ಪ್ರಯೋಗದಲ್ಲಿ ಕೈಗೆ ಬಂದದ್ದು ಶೇ 49 ಅಂಕಿ. 2005ರಲ್ಲಿ ನೆದರ್‌ಲ್ಯಾಂಡ್ಸ್‌ನ ಆಲೂಗಡ್ಡೆ ಹೊಲದಲ್ಲಿ ಬಂದದ್ದು ಶೇ 2. ಅಲ್ಲಿನ ಸಂಶೋಧಕರು ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಅದೇ ದೊಡ್ಡದು.

ಇನ್ನು ಮಾಪಕ ಸತ್ತಿತೆಂದು ಯಾವಾಗ ಬರೆಯಬೇಕು? ಸತತ ನಾಲ್ಕು ಪ್ಯಾಕೆಟ್ ಬಿಡಿಬಿಡಿಯಾಗಿ ಕಳೆಯುವ ಸಾಧ್ಯತೆ, ಶೇ 3 ನಷ್ಟದಲ್ಲಿ, ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಒಂದು ತಾಸಿನ ಮೌನ ಆಕಸ್ಮಿಕವಲ್ಲ. ಅಕ್ಕಪಕ್ಕದ ಪಂಚಾಯಿತಿಗಳೂ ಅದೇ ಹೊತ್ತಿಗೆ ಸುಮ್ಮನಾಗಿದ್ದರೆ ಟವರ್, ಅದೊಂದೇ ಆದರೆ ಮಾಪಕ. ಕೊನೆಯ ಪ್ಯಾಕೆಟ್‌ಗಳಲ್ಲಿ ಬ್ಯಾಟರಿ ವೋಲ್ಟೇಜ್ ಇಳಿಯುತ್ತ ಬಂದಿದ್ದರೆ ಅನುಮಾನವೇ ಬೇಡ, ಸೋಲಾರ್ ತಟ್ಟೆಯ ಧೂಳು ಒರೆಸಲು ಹೊರಡಬಹುದು.

ಹೊರಟರೆ ಖರ್ಚೆಷ್ಟು? ಬೀದರ್‌ನಿಂದ ಭಾಲ್ಕಿಯೂ ಔರಾದವೂ ಹೆಚ್ಚು ಕಡಿಮೆ 40 ಕಿ.ಮೀ. ಹೋಗಿಬರುವುದಕ್ಕೆ 80, ತಾಲ್ಲೂಕಿನೊಳಗೆ ಹಳ್ಳಿ ಸುತ್ತಲು 60 ಎಂದರೆ 140 ಕಿ.ಮೀ. ಬೈಕ್ ಲೀಟರಿಗೆ 50 ಕೊಟ್ಟರೆ, ಪೆಟ್ರೋಲ್ ₹100 ಎಂದು ಹಿಡಿದು ₹280; ಮೆಕ್ಯಾನಿಕ್‌ನ ದಿನಗೂಲಿ ₹800 ಹಿಡಿದರೆ ₹1,080. ಮೇಲಿನ ಲೆಕ್ಕದಲ್ಲಿ ಕೆಟ್ಟ ಐದು ಮಾಪಕಗಳಲ್ಲಿ ಮೂರು ಔರಾದದವು, ಎರಡು ಭಾಲ್ಕಿಯವು ಆಗಿದ್ದರೆ ಎರಡು ಸುತ್ತು, ₹2,160. ಹೊಸ ಬ್ಯಾಟರಿಯ ಬೆಲೆ ಬೇರೆ, ಅದನ್ನು ಇಂದು ಹಾಕಿದರೂ ತಿಂಗಳ ಕೊನೆಗೆ ಹಾಕಿದರೂ ಅಷ್ಟೇ. ಕೆಟ್ಟ ಮರುದಿನವೇ ಸರಿಪಡಿಸಿದರೆ 5 × 19 × 96 = 9,120 ಪ್ಯಾಕೆಟ್ ಉಳಿಯುತ್ತವೆ, ಒಂದಕ್ಕೆ 24 ಪೈಸೆ. ದಾರಿಯಲ್ಲಿ ಕಳೆದ 8,352ನ್ನು ಮತ್ತೆ ಕಳಿಸಲು, ಒಂದಕ್ಕೆ 500 ಬೈಟ್ ಹಿಡಿದರೂ, ನೂರು ಸಿಮ್‌ಗಳೂ ಸೇರಿ ಬೇಕಾಗುವುದು 4.2 ಎಂಬಿ ಡೇಟಾ.