ಜನ ಕಡಿಮೆಯಾದರೆ ಒಳ್ಳೆಯದಲ್ಲವೇ?

ಪ್ರಶ್ನೆ: ಜಪಾನಿನಲ್ಲಿ ಜನಸಂಖ್ಯೆ ಇಳಿಯುತ್ತಿದೆಯಂತೆ. ಉಳಿದವರಿಗೆ ಹೆಚ್ಚು ಪಾಲು ಸಿಗುವುದಿಲ್ಲವೇ?

ಉತ್ತರ: ಎಷ್ಟು ಜನ ಎನ್ನುವುದಕ್ಕಿಂತ ಯಾವ ವಯಸ್ಸಿನವರು ಎಷ್ಟು ಎನ್ನುವುದು ಮುಖ್ಯ. ಜಪಾನಿನ ಜನಸಂಖ್ಯೆ 2008ರ ಸುಮಾರಿಗೆ 12.8 ಕೋಟಿ ಮುಟ್ಟಿ ಇಳಿಯತೊಡಗಿತು. ಈಗ ಅಲ್ಲಿ ನೂರಕ್ಕೆ ಸುಮಾರು 29 ಮಂದಿ 65 ದಾಟಿದವರು. ದುಡಿದು ತೆರಿಗೆ ಕಟ್ಟುವವರು ಕಡಿಮೆಯಾಗಿ, ಪಿಂಚಣಿ, ಚಿಕಿತ್ಸೆ ಬೇಕಾದವರು ಹೆಚ್ಚಿದ್ದಾರೆ. ಮಕ್ಕಳು ಕಡಿಮೆಯಾಗಿ ಹಳ್ಳಿಗಳಲ್ಲಿ ಎಷ್ಟೋ ಶಾಲೆಗಳು ಮುಚ್ಚಿವೆ.

ಆದರೆ ಜಪಾನ್ ಕೈಕಟ್ಟಿ ಕೂತಿಲ್ಲ. 2000ದಲ್ಲಿ ಆರೈಕೆ ವಿಮೆ ತಂದಿತು. 40 ದಾಟಿದವರು ಕಂತು ಕಟ್ಟುತ್ತಾರೆ, ಸರ್ಕಾರವೂ ಹಣ ಹಾಕುತ್ತದೆ. ಕೈಲಾಗದ ಹಿರಿಯರಿಗೆ ಸ್ನಾನ ಮಾಡಿಸಲು, ಉಣಿಸಲು ಮನೆಗೇ ಸಹಾಯಕರು ಬರುತ್ತಾರೆ. ಅದುವರೆಗೆ ಆ ಹೊರೆ ಹೆಚ್ಚಾಗಿ ಸೊಸೆಯಂದಿರ ಹೆಗಲಿಗೇ ಬೀಳುತ್ತಿತ್ತು; ನಮ್ಮ ಮನೆಗಳಲ್ಲಿ ಇಂದಿಗೂ ಹಾಗೆಯೇ. ಕರ್ನಾಟಕದಲ್ಲೂ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು ಎರಡಕ್ಕಿಂತ ಕಡಿಮೆಯಾಗಿರುವುದರಿಂದ, ದುಡಿಯುವ ಕೈಗಳು ಹೆಚ್ಚಿರುವ ಈಗಲೇ ನಾವು ಇಂಥ ವಿಮೆಗೆ ಹಣ ಕೂಡಿಡಲು ಶುರು ಮಾಡಬೇಕು.