ಹಲ್ಲಿ ಲೊಚಗುಟ್ಟುವುದು ಯಾರಿಗೆ?

ಮಾತಿನ ನಡುವೆ ಗೋಡೆಯ ಹಲ್ಲಿ ಲೊಚಗುಟ್ಟಿದರೆ ‘ನೋಡು, ಹಲ್ಲಿಯೂ ಹೌದೆಂದಿತು’ ಎನ್ನುವುದು ಭಟ್ಕಳ, ಹೊನ್ನಾವರ, ಕುಮಟೆಯ ಜಗುಲಿಗಳಲ್ಲಿ ಇಂದಿಗೂ ಕೇಳುವ ಮಾತು. ಹಲ್ಲಿಗೆ ನಮ್ಮ ಮಾತಿನ ಗೊಡವೆಯಿಲ್ಲ. ಲೊಚಗುಟ್ಟುವುದು ಹೆಚ್ಚಾಗಿ ಗಂಡು. ಈ ಗೋಡೆ ತನ್ನದು, ಇತ್ತ ಬರಬೇಡ ಎಂದು ಅದು ಇನ್ನೊಂದು ಗಂಡಿಗೆ ಹೇಳುತ್ತಿರುತ್ತದೆ.

ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಟ್ಯೂಬ್‌ಲೈಟಿಗೆ ಮುತ್ತುತ್ತವೆ. ಆಗ ಎರಡು ಹಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಓಡಿದರೆ ‘ಗಂಡ–ಹೆಂಡಿರ ಆಟ’ ಎಂದು ನಗುತ್ತೇವೆ. ಬಹಳ ಸಲ ಅವೆರಡೂ ಗಂಡುಗಳೇ. ಸ್ವಲ್ಪ ಹತ್ತಿರ ನಿಂತು ನೋಡಿ: ಮೈ ಎತ್ತರಿಸಿ, ಬಾಲವನ್ನು ನಿಧಾನವಾಗಿ ಅತ್ತಿತ್ತ ಆಡಿಸಿ, ಬಾಯಿ ತೆರೆದು ಬೆದರಿಸುತ್ತವೆ. ಅಷ್ಟಕ್ಕೂ ಎದುರಾಳಿ ಜಗ್ಗದಿದ್ದರೆ ದವಡೆಗೆ ದವಡೆ ಹಾಕಿ ಕಚ್ಚುತ್ತವೆ. ಇನ್ನೊಂದು ಕಡೆ, ಗಂಡು ಹೆಣ್ಣಿನ ಕುತ್ತಿಗೆ ಕಚ್ಚಿ ಹಿಡಿದದ್ದನ್ನು ಕಂಡು ‘ಪಾಪ, ಕೊಲ್ಲುತ್ತಿದೆ’ ಎಂದು ಕಸಬರಿಗೆಯಿಂದ ಬಿಡಿಸುವವರಿದ್ದಾರೆ. ಅದು ಕೂಡುವ ರೀತಿ, ಬಿಟ್ಟುಬಿಡಿ.

ಜಗಳ ಸಾಕೆನಿಸಿದರೆ ಹಲ್ಲಿಯನ್ನು ಹೊಡೆದು ಪ್ರಯೋಜನವಿಲ್ಲ. ಖಾಲಿಯಾದ ಗೋಡೆಗೆ ಇನ್ನೊಂದು ಬರುತ್ತದೆ. ಹುಳಗಳೆಲ್ಲ ಒಂದೇ ದೀಪಕ್ಕೆ ಬಂದರೆ ಹಲ್ಲಿಗಳೂ ಅಲ್ಲೇ ಸೇರುತ್ತವೆ; ಬೇಡದ ದೀಪ ಆರಿಸಿ, ಒಂದನ್ನು ಅಂಗಳದಾಚೆ ಹಾಕಿ.

ಜಗಳದಲ್ಲಿ ಬಾಲ ಕಳಚಿದ ಹಲ್ಲಿಗೆ ಏನೂ ಆಗದು ಎಂಬುದು ಅರ್ಧ ಸತ್ಯ. ಬಾಲ ಮತ್ತೆ ಬೆಳೆಯುತ್ತದೆ, ಆದರೆ ಒಳಗೆ ಬೆನ್ನುಮೂಳೆಯ ಬದಲು ಮೃದ್ವಸ್ಥಿಯ ಕೊಳವೆ. ಬಾಲವೇ ಕೊಬ್ಬಿನ ಉಗ್ರಾಣವಾದ್ದರಿಂದ ಸೋತ ಹಲ್ಲಿಗೆ ನಷ್ಟ ದೊಡ್ಡದು. ಇನ್ನು ಹಾಲಿಗೆ ಬಿದ್ದ ಹಲ್ಲಿಯ ‘ವಿಷ’: ನಮ್ಮ ಮನೆಹಲ್ಲಿಗೆ ವಿಷವಿಲ್ಲ. ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು, ಹಾಲು ಚೆಲ್ಲುವುದು ಅದಕ್ಕಾಗಿ.

ಹಗಲಲ್ಲಿ ಓಡಾಡುವ ಹಲ್ಲಿಗಳೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿವೆ. ಘಟ್ಟದ ಬಂಡೆ, ಮರಗಳ ಮೇಲಿನ ದುಂಡುಪಾಪೆಯ ಪುಟ್ಟ ನೆಮಾಸ್ಪಿಸ್‌ಗಳು ಅವು. ಅವುಗಳಲ್ಲಿ ನೆಮಾಸ್ಪಿಸ್ ಇಂದ್ರನೀಲ್‌ದಾಸಿ ಎಂಬುದನ್ನು 2002ರಲ್ಲಿ ಗುರುತಿಸಿದ್ದು ಇದೇ ಜಿಲ್ಲೆಯ ಗುಂದದ ಮಾದರಿಯಿಂದ. ಇವನ್ನು ಹಿಡಿದು ಬಾಟಲಿಗೆ ಹಾಕಬಾರದು ಎಂದು ನಾನು ಕೈಮುಗಿದು ಹೇಳುತ್ತೇನೆ. ಮನೆಯಲ್ಲಿ ಸಾಕುವ ಹಗಲುಹಲ್ಲಿಗಳು ಬೇರೆ: ಹಸಿರು ಬಣ್ಣಕ್ಕೆ ಹೆಸರಾದ ಮಡಗಾಸ್ಕರದ ಹಗಲುಹಲ್ಲಿಗಳು, ಅಂದರೆ ಫೆಲ್ಸುಮಾಗಳು, ಸಾಕುಪ್ರಾಣಿ ವ್ಯಾಪಾರದಲ್ಲಿವೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಇಂಥ ಪ್ರಾಣಿ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಅಂಥವರಲ್ಲಿ ಬೇರೂರಿದ ತಪ್ಪು ಕಲ್ಪನೆ: ಒಂದು ಗಂಡು, ಒಂದು ಹೆಣ್ಣು ಒಟ್ಟಿಗಿಟ್ಟರೆ ಸಂಸಾರ ತಾನಾಗಿ ನಡೆಯುತ್ತದೆ. ಎರಡು ಗಂಡುಗಳಂತೂ ಒಂದೇ ಪೆಟ್ಟಿಗೆಯಲ್ಲಿ ಉಳಿಯವು. ಆದರೆ ತಿಂಗಳುಗಟ್ಟಲೆ ಹೊಂದಿಕೊಂಡಿದ್ದ ಜೋಡಿಯೂ ಒಮ್ಮೆಲೇ ಕಚ್ಚಾಡುವುದುಂಟು, ಕೆಲವೊಮ್ಮೆ ಹೆಣ್ಣೇ ಮೊದಲು. ರಕ್ತ ಕಾಣುವವರೆಗೆ ಕಾಯಬೇಡಿ. ಒಂದು ಹಲ್ಲಿ ಸದಾ ಕೆಳಮೂಲೆಯಲ್ಲಿ ಮುದುಡಿದ್ದರೆ, ಬಣ್ಣ ಕಪ್ಪಿಟ್ಟರೆ, ಬಾಲ ಸೊರಗಿದರೆ ಅಂದೇ ಬೇರೆ ಮಾಡಿ. ಬೇರೆ ಮಾಡಿದರೆ ಮೊಟ್ಟೆ ನಿಲ್ಲುತ್ತದೆ ಎಂಬ ಹೆದರಿಕೆಯೂ ಬೇಡ. ಮನೆಹಲ್ಲಿಯಂತೆ ಹಲವು ಜಾತಿಯ ಹೆಣ್ಣುಗಳು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟು ಮೊಟ್ಟೆಯಿಡುತ್ತವೆ. ಬೇರೆ ಮಾಡುವಾಗ ನಡುವೆ ಬರೀ ಗಾಜು ಇಟ್ಟರೆ ಸಾಲದು. ಹಗಲುಹಲ್ಲಿಗೆ ಕಣ್ಣೇ ಮುಖ್ಯವಾದ್ದರಿಂದ, ಎದುರಾಳಿ ಕಾಣುತ್ತಿರುವವರೆಗೆ ಬೆದರಿಕೆ ನಿಲ್ಲದು. ರಟ್ಟಿನಂಥ ಆಚೆ ಕಾಣದ ಅಡ್ಡ ಇರಬೇಕು.